ಅಪರ್ಣಾ ತಂದ ಬಿಳಿ ಮದ್ದು

ಕೇರಳದ ಏಲೂರಿನ ಕ್ವಾರ್ಟರ್ಸ್‌ನಲ್ಲಿ ನಮಗೂ ಕಮಲಳ ಮನೆಗೂ ನಡುವೆ ಒಂದೇ ಗೋಡೆ. ಆಚೆ ಸೌಟು ಬಿದ್ದರೂ ನನಗೆ ಕೇಳಿಸುತ್ತಿತ್ತು. ಅವಳ ಮಗಳು ಅಪರ್ಣಾ ತಿರುವನಂತಪುರದಲ್ಲಿ ಬಿ.ಫಾರ್ಮ ಓದುತ್ತಿದ್ದಳು. ತೊಂಬತ್ತನಾಲ್ಕರ ಮಾತು. ಶನಿವಾರ ಅವಳು ಬಂದಳೆಂದರೆ ಗೋಡೆಯಾಚೆ ಬರೀ ನಗು. ಹಾಸ್ಟೆಲಿನ ತಿಂಡಿ ಪುಟ್ಟು ಕಲ್ಲಿನಂತಿರುವುದು, ಶಂಖುಮುಖದ ಕಡಲಲ್ಲಿ ಗೆಳತಿ ಮೇರಿಯ ಚಪ್ಪಲಿ ತೇಲಿಹೋದದ್ದು, ಕಾಲೇಜು ಹಬ್ಬಕ್ಕೆ ತಿರುವಾದಿರ ಕುಣಿತ ಕಲಿಯುತ್ತಿರುವುದು, ಎಲ್ಲವನ್ನೂ ಹೇಳುವಳು.

ತಾತ ಶ್ರೀಪತಿರಾಯರಿಗೆ ಮೊಮ್ಮಗಳೆಂದರೆ ಪ್ರಾಣ. ಅವಳ ಬಾಯಲ್ಲಿ ಮಲಯಾಳ ಬಂದರೆ ಮಾತ್ರ ರೇಗಿಸುವರು.

"ಏನಮ್ಮಾ ಡಾಕ್ಟರಮ್ಮ, ಕನ್ನಡ ಬರೋಕೆ ಮಾತ್ರೆ ಇಲ್ವಾ?"

"ಡಾಕ್ಟರಲ್ಲ ತಾತ, ಫಾರ್ಮಸಿಸ್ಟ್! ಮೊದಲು ನಿಮ್ಮ ಹೊಟ್ಟೆಗೆ ಮದ್ದು ಹಿಡೀರಿ. ಎರಡು ಚಮಚ, ಬೆಳಿಗ್ಗೆ. ನನ್ನ ಕೈಯಾರೆ ಮಾಡಿದ್ದು."

ರಾಯರಿಗೆ ಹೊಟ್ಟೆ ಕಟ್ಟುವ ಕಾಟ. ಸೀಸೆಯನ್ನು ನನಗೂ ತಂದು ತೋರಿಸಿ ಹೋದರು.

ಆ ಸೀಸೆಯ ಕಥೆ ಅಪರ್ಣಾಳೇ ಆಮೇಲೆ ಹೇಳಿದ್ದು. ಅವರ ಲ್ಯಾಬಿನಲ್ಲಿ ಕುಡಿಯುವ ಮದ್ದಿಗೆ ನುಣುಪು ಸೀಸೆ, ಮೈಗೆ ಹಚ್ಚುವುದಕ್ಕೆ ಗೀರುಗಳಿರುವ ಸೀಸೆ. ಕತ್ತಲಲ್ಲೂ ಬೆರಳಿಗೆ ತಿಳಿಯಲೆಂದು ಹಾಗೆ. ಆ ವಾರ ಗೀರಿನ ಸೀಸೆ ಮುಗಿದು ಎಲ್ಲಕ್ಕೂ ನುಣುಪು ಸೀಸೆಯೇ. ಇವಳು ಮಾಡಿದ್ದು ಹೊಟ್ಟೆ ಸಡಿಲಿಸುವ ಮದ್ದು, ಮೇರಿ ಮಾಡಿದ್ದು ಮಂಡಿಗೆ ತಿಕ್ಕುವ, ಕರ್ಪೂರ ಬೆರೆಸಿದ ಟರ್ಪೆಂಟೈನ್ ಎಣ್ಣೆಯದು. ಎರಡೂ ಹಾಲಿನ ಹಾಗೆ ಬಿಳಿ. ಕುಣಿತದ ಅಭ್ಯಾಸಕ್ಕೆ ಹೊತ್ತಾಯಿತೆಂದು ಇಬ್ಬರೂ ಹಾಡು ಗುನುಗುತ್ತಲೇ ಚೀಟಿ ಅಂಟಿಸಿ ಓಡಿದರಂತೆ. ಒಂದರ ಚೀಟಿ ಇನ್ನೊಂದಕ್ಕೆ ಹೋಯಿತು. ಮುಚ್ಚಳ ತೆಗೆದು ಮೂಸಿದ್ದರೂ ಸಾಕಿತ್ತು.

ರಾಯರಿಗೆ ನಸ್ಯದ ಚಟ, ಮೂಗು ಸತ್ತು ಎಷ್ಟೋ ಕಾಲವಾಗಿತ್ತು. ಸೋಮವಾರ ಬೆಳಿಗ್ಗೆ ಕುಡಿದರು. ಸ್ವಲ್ಪ ಹೊತ್ತಿಗೆಲ್ಲ ವಾಂತಿ, ಉಬ್ಬಸ. ಕಮಲಳೂ ನಾನೂ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಅತ್ತ ಕಾಲೇಜಿನ ಲ್ಯಾಬಿನಲ್ಲಿ ಉಳಿದಿದ್ದ ಇನ್ನೊಂದು ಸೀಸೆಯನ್ನು ಮೂಸಿದಾಗಲೇ ಅಪರ್ಣಾಳಿಗೆ ಗೊತ್ತಾದದ್ದು. ನಮ್ಮ ಸಾಲಿನಲ್ಲಿ ಫೋನಿದ್ದ ವಿನ್ಸೆಂಟರ ಮನೆಗೆ ಫೋನು ಮಾಡಿ, ತಾತ ಆಸ್ಪತ್ರೆಯಲ್ಲಿದ್ದಾರೆಂದು ಕೇಳಿ, ಮದ್ದಿನ ವಿಷಯ ಹೇಳುವ ಮೊದಲೇ ಲೈನು ಕಡಿದದ್ದರಿಂದ ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದಳು.

ಅವಳು ಬಂದಾಗ ಡಾಕ್ಟರು ಮಂಚದ ಪಕ್ಕದಲ್ಲೇ ಇದ್ದರು. ಮಲಯಾಳದಲ್ಲಿ ಕೇಳುತ್ತಿದ್ದರು: "ಎದೆಯಲ್ಲಿ ಸದ್ದಿದೆ. ಬೇರೇನು ಕುಡಿದಿರಿ, ಹೇಳಿ."

"ಹಳಸಿದ ಇಡ್ಲಿ ತಿಂದೆ, ಅಷ್ಟೇ."

"ಕರ್ಪೂರದ ವಾಸನೆ?"

"ಬಾಮು ಹಚ್ಕೊಂಡಿದ್ದೆ."

ಮದ್ದಿನ್ನೂ ಮುಟ್ಟಿಲ್ಲವೆಂದು ನಮಗೆ ಹೇಳಿದ್ದರು; ಬೆಳಿಗ್ಗೆಯಿಂದ ನಾವೂ ಇಡ್ಲಿಯ ಮಾತನ್ನೇ ನಂಬಿದ್ದೆವು. ರಾಯರು ಮೊಮ್ಮಗಳತ್ತ ತಿರುಗಿ, ಡಾಕ್ಟರಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಮೆಲ್ಲಗೆ ಅಂದರು: "ಬಾಯಿ ಬಿಡಬೇಡ ಕಣೇ. ಸೀಸೆ ಹಿತ್ತಲಲ್ಲಿ ಹೂತಿದೀನಿ. ನಿನ್ನನ್ನ ಕಾಲೇಜಿಂದ ಓಡಿಸಿಬಿಡ್ತಾರೆ."

ಕಮಲ ಮಗಳ ಕೈ ಹಿಡಿದಳು. ತಡೆಯಲೋ ತಳ್ಳಲೋ, ನನಗೆ ಈಗಲೂ ತಿಳಿಯದು.

ಅಪರ್ಣಾ ಡಾಕ್ಟರಿಗೆ ಮಲಯಾಳದಲ್ಲೇ ಹೇಳಿದಳು. "ಇಡ್ಲಿ ಅಲ್ಲ ಸಾರ್. ಟರ್ಪೆಂಟೈನ್. ಕೊಟ್ಟವಳು ನಾನು."

ರಾಯರು ಗೋಡೆಯ ಕಡೆ ಹೊರಳಿದರು. ಡಾಕ್ಟರು ಕೂಡಲೇ ನರ್ಸನ್ನು ಕೂಗಿದರು. ಮದ್ದು ಬದಲಾಯಿತು, ಮೂಗಿಗೆ ಆಕ್ಸಿಜನ್ ಇಟ್ಟರು. ಹೊತ್ತಿಗೆ ತಿಳಿದದ್ದು ಒಳ್ಳೆಯದಾಯಿತೆಂದು ಮಾರನೇ ದಿನ ನರ್ಸು ನನಗಂದಳು.

ಕಾಲೇಜಿನಲ್ಲೂ ತಾನೇ ಹೋಗಿ ಒಪ್ಪಿಕೊಂಡಳು. ಓಡಿಸಲಿಲ್ಲ. ಆ ಪ್ರಾಕ್ಟಿಕಲ್ಸ್ ಮರುವರ್ಷ ಮತ್ತೆ ಮಾಡಿಸಿದರು. ಹಬ್ಬದಲ್ಲಿ ಅವಳು ಕುಣಿಯಲಿಲ್ಲ.

ರಾಯರು ಮನೆಗೆ ಬಂದರು, ಆದರೆ ಕೆಮ್ಮು ಎದೆಯಲ್ಲೇ ಉಳಿಯಿತು. ವಾರವೆಲ್ಲ ಗೋಡೆಯಾಚೆ ಅದೇ ಸದ್ದು. ಅಪರ್ಣಾ ಬಂದ ಶನಿವಾರಗಳಲ್ಲಿ ಮಾತ್ರ ಇರುತ್ತಿರಲಿಲ್ಲ. ಅವರು ಬಾಯಿಗೆ ಟವೆಲ್ಲು ಒತ್ತಿಕೊಂಡು ಕೂರುತ್ತಿದ್ದರೆಂದು ಕಮಲ ಹೇಳಿದಳು. ಒಂದು ಶನಿವಾರ ಅಪರ್ಣಾಳ ದನಿ ಕೇಳಿಸಿತು:

"ಟವೆಲ್ ಕೊಡಿ ತಾತ. ಕೆಮ್ಮಿ. ನಾನು ಇಲ್ಲೇ ಕೂತಿರ್ತೀನಿ."

ಕುರ್ಚಿ ಎಳೆದ ಸದ್ದು ಬಂತು. ಆಮೇಲೆ ರಾಯರು ಕೆಮ್ಮತೊಡಗಿದರು.