ಮಾವನ ಸಾಂದ್ರತೆ

ನಮ್ಮ ಸೋದರಮಾವ ಹೈಸ್ಕೂಲಿನಲ್ಲಿ ಭೂವಿಜ್ಞಾನದ ಮೇಷ್ಟ್ರು. ಕಲ್ಲಿನ ತೂಕವನ್ನು ಅದರ ಗಾತ್ರದಿಂದ ಭಾಗಿಸಿ ಸಾಂದ್ರತೆ ಕಂಡುಹಿಡಿಯುವುದು, ಬಂದ ಉತ್ತರ ಸರಿಯಾದ ಉತ್ತರಕ್ಕಿಂತ ನೂರಕ್ಕೆ ಎಷ್ಟು ಆಚೀಚೆ ಆಯಿತೆಂದು ನೋಡಿ ಶೇಕಡಾ ದೋಷ ಬರೆಸುವುದು ಅವರ ಕೆಲಸ. ಆ ಕೆಲಸವನ್ನು ಶಾಲೆಯಲ್ಲೇ ಬಿಟ್ಟು ಮನೆಗೆ ಬಂದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅತ್ತೆ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಾರೆ. ಎಲ್ಲಾದರೂ ಹೊರಡುವಾಗ "ಹತ್ತು ನಿಮಿಷ, ಬಂದೆ" ಎಂದರೆ ಮಾವ ಕೈಗಡಿಯಾರ ನೋಡುತ್ತಾ ಬಾಗಿಲಲ್ಲೇ ನಿಲ್ಲುತ್ತಾರೆ.

"ಹೇಳಿದ್ದು ಹತ್ತು, ಆಗಿದ್ದು ಹದಿನಾರು. ದೋಷ ಶೇಕಡಾ ಅರವತ್ತು!"

"ಅದ್ರಲ್ಲಿ ಅರ್ಧ ನಿಮ್ಮ ಕನ್ನಡಕ ಹುಡುಕಿದ್ದು ಕಣ್ರೀ. ಅದನ್ನೂ ಭಾಗಿಸಿ."

ದರ ಲೆಕ್ಕ ಹಾಕುವ ಚಟ ಬೇರೆ. ಬಚ್ಚಲ ನಲ್ಲಿ ಎಷ್ಟು ಹೊತ್ತಿಗೆ ಎಷ್ಟು ತೊಟ್ಟಿಕ್ಕುತ್ತದೆ, ಸೋಪು ದಿನಕ್ಕೆಷ್ಟು ಸವೆಯುತ್ತದೆ, ಎಲ್ಲಕ್ಕೂ ಅವರ ಬಳಿ ಉತ್ತರವುಂಟು. ಪ್ರತಿ ಹುಟ್ಟುಹಬ್ಬಕ್ಕೂ ಕನ್ನಡಿಯ ಮುಂದೆ ಸ್ಕೇಲ್ ಹಿಡಿದು ಹುಬ್ಬಿನಿಂದ ಕೂದಲಿನವರೆಗೆ ಅಳೆಯುತ್ತಾರೆ. ಹಿಮನದಿಗಳೇ ಇದಕ್ಕಿಂತ ಜೋರಾಗಿ ಹಿಂದೆ ಸರಿಯುತ್ತವೆ ಎಂದು ಅವರಿಗೆ ಹೆಮ್ಮೆ. ಇದೆಲ್ಲ ಮಾಡುವಾಗ ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಹಲ್ಲುಜ್ಜುವಾಗಲೂ ನೊರೆಯ ನಡುವೆಯೇ ಜ್ವಾಲಾಮುಖಿಯ ಪಾಠ ನಡೆಯುತ್ತಿರುತ್ತದೆ.

ಅವರ ಲ್ಯಾಬಿನ ಗೋಡೆಯ ಮೇಲೆ ಒಂದೇ ಒಂದು ನಿಯಮ ಬರೆದಿದೆ: ದೋಷ ಐದು ದಾಟಿದರೆ ಮತ್ತೆ ಮಾಡು. ಅತ್ತರೂ ಬಿಡುವುದಿಲ್ಲ, ಕರೆದರೂ ಬಿಡುವುದಿಲ್ಲ. ಹೆಡ್ಮಿಸ್ಸಿನ ಮಗಳಿಗೇ ಒಂದು ಬೆಣಚುಕಲ್ಲನ್ನು ನಾಲ್ಕು ಸಲ ಮುಳುಗಿಸಿ ತೆಗೆಯುವ ಭಾಗ್ಯ ಕರುಣಿಸಿದ್ದರು.

ಆ ಲ್ಯಾಬು ಇರುವುದು ಎರಡನೇ ಮಹಡಿಯಲ್ಲಿ. ಮಾವನ ಮಂಡಿ ಕೈಕೊಟ್ಟಿದ್ದು ಅಲ್ಲಿಗೆ ಹತ್ತುವ ಮೆಟ್ಟಿಲಲ್ಲೇ. ಮೆಟ್ಟಿಲ ತಿರುವಿನಲ್ಲಿ ನಿಂತು, ಗೋಡೆಗೆ ಹಾಕಿದ ಗ್ರಾನೈಟ್ ತೋರಿಸಿ ಹಿಂದೆ ಬರುತ್ತಿದ್ದ ಮಕ್ಕಳಿಗೆ ಪಾಠ ಶುರು ಮಾಡಿಬಿಡುತ್ತಿದ್ದರು. ನೋವು ಇಳಿಯುವವರೆಗೂ ಆ ಗ್ರಾನೈಟ್ ಮುಗಿಯುತ್ತಿರಲಿಲ್ಲ. ಮಕ್ಕಳೇನು ಪೆದ್ದರೇ? ಹೆಡ್ಮಿಸ್ಸೂ ಪೆದ್ದಲ್ಲ. ಒಂದು ದಿನ ಕರೆದು ಮೆತ್ತಗೆ ಹೇಳಿದರು: "ಸರ್, ಮುಂದಿನ ವರ್ಷದಿಂದ ನೀವು ಕೆಳಗೇ ಪಾಠ ಮಾಡಿ. ಲ್ಯಾಬನ್ನ ಹೊಸ ಮೇಷ್ಟ್ರಿಗೆ ಕೊಡೋಣ."

ಅವತ್ತು ಮಾವ ಮನೆಗೆ ಬಂದು ಯಾರ ಮೇಲೂ ದೋಷ ಲೆಕ್ಕ ಹಾಕಲಿಲ್ಲ. ಅತ್ತೆ ಗಾಬರಿಯಾಗಿ ಕೈಲಿದ್ದ ಬಟ್ಟೆ ಬಿಟ್ಟು, ಮರುದಿನವೇ ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ಗುಳಿಗೆ ಬರೆಯಲಿಲ್ಲ. "ದಿನಾ ಈಜುಕೊಳಕ್ಕೆ ಹೋಗಿ, ಬೆನ್ನ ಮೇಲೆ ತೇಲ್ತಾ ಕಾಲು ಬಡೀರಿ. ಮಂಡಿ ಮೇಲೆ ಭಾರ ಬೀಳಲ್ಲ, ಸುತ್ತಲಿನ ಮಾಂಸಖಂಡ ಗಟ್ಟಿ ಆಗುತ್ತೆ. ಇಲ್ಲಾಂದ್ರೆ ಮೆಟ್ಟಿಲು ಮರೆತುಬಿಡಿ."

"ನಾನು ತೇಲೋ ವಸ್ತು ಅಲ್ಲ ಡಾಕ್ಟ್ರೇ" ಎಂದರು ಮಾವ.

ನಿಜ ಹೇಳಬೇಕೆಂದರೆ ಅವರಿಗೆ ನೀರೆಂದರೆ ಚಿಕ್ಕಂದಿನಿಂದ ಭಯ. ಆದರೆ ಭಯ ಎಂದು ಒಪ್ಪಿಕೊಳ್ಳುವ ಜಾಯಮಾನವೇ? ಭಾನುವಾರ ಹಿತ್ತಿಲಿನ ದೊಡ್ಡ ನೀಲಿ ಡ್ರಮ್ಮಿಗೆ ಅಂಚಿನವರೆಗೆ ನೀರು ತುಂಬಿಸಿದರು. ಸಾಕ್ಷಿಗೆ ನಾನು ಮತ್ತು ಅತ್ತೆ. ಮಾವ ಚಡ್ಡಿಯಲ್ಲಿ ಸ್ಟೂಲು ಹತ್ತಿ ಒಳಗಿಳಿದರು. ಇಳಿಯುವಾಗಲೂ ಪಾಠ: "ನಾನು ಪೂರ್ತಿ ಮುಳುಗಿದಾಗ ಎಷ್ಟು ನೀರು ಹೊರಗೆ ಚೆಲ್ಲುತ್ತೋ ಅದೇ ನನ್ನ ಗಾತ್ರ. ನಾನು ಎದ್ದ ಮೇಲೆ ಡ್ರಮ್ ಮತ್ತೆ ತುಂಬೋಕೆ ಎಷ್ಟು ಲೀಟರ್ ಬೇಕು ಅಂತ ಅಳೆದು ಹಾಕಿ. ಚೆಲ್ಲಬೇಡಿ. ಜಗ್ಗನ್ನ ಸೊಟ್ಟ ಹಿಡೀಬೇಡಿ. ಮತ್ತೆ..." ಎನ್ನುತ್ತಲೇ ತಲೆ ಒಳಗೆ ಹೋಯಿತು. ಉಳಿದ ಸೂಚನೆಗಳು ಗುಳುಗುಳು ಎಂದು ಗುಳ್ಳೆಗಳಾಗಿ ಮೇಲೆ ಬಂದವು.

ಎದ್ದವರು ಚಡ್ಡಿ ಹೀರಿಕೊಂಡ ನೀರು ಲೆಕ್ಕ ತಪ್ಪಿಸೀತೆಂದು ಅದನ್ನೂ ಡ್ರಮ್ಮಿಗೇ ಹಿಂಡಿದರು. ಸಂಕೋಚದಿಂದ ನಾನು ತಿರುಗಿ ನಿಂತೆ, ಪಕ್ಕದ ಮನೆಯ ಕಿಟಕಿಯವರು ತಿರುಗಲಿಲ್ಲ. ಅತ್ತೆ ಸುರಿದರು, ನಾನು ಎಣಿಸಿದೆ. ತೂಕ ಎಂಬತ್ತೆರಡು ಕೆ.ಜಿ., ಗಾತ್ರ ಎಂಬತ್ತು ಲೀಟರಿಗೆ ಸ್ವಲ್ಪ ಕಡಿಮೆ, 79.6.

"ಸಾಂದ್ರತೆ 1.03! ನೀರಿಂದು ಒಂದು. ನೀರಿಗಿಂತ ಜಾಸ್ತಿ ಇರೋದು ಮುಳುಗುತ್ತೆ. ಇದು ಪ್ರಕೃತಿ ನಿಯಮ. ಡಾಕ್ಟರು ಹೇಳಿದ್ರೆ ಬದಲಾಗಲ್ಲ."

ಅತ್ತೆ ಗಿಣಿಗೆ ಹೇಳಿದ ಹಾಗೆ ಹೇಳಿದರು. ನಾನೂ ಹೇಳಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಯಾರು ಏನು ಹೇಳಲು ಸಾಧ್ಯ? ಅದೂ ಇವರು ಮೊಲವನ್ನು ಅಳೆದು ಬೇರೆ ತೋರಿಸುವವರು. ನನಗಂತೂ ತಲೆ ಕೆಟ್ಟು, ಲ್ಯಾಬು ಹೋದರೆ ಹೋಗಲಿ ಎಂದುಬಿಟ್ಟೆ. ಮಾವ ನನ್ನತ್ತ ನೋಡಿ ಒಳಗೆ ಹೋದರು. ಆಮೇಲೆ ನನಗೇ ಬೇಜಾರಾಯಿತು.

ಅತ್ತೆ ಹಾಗೆ ಬಿಡುವವರಲ್ಲ. ಎರಡು ದಿನ ಮಿಷನ್ ತುಳಿಯುತ್ತಾ ಯೋಚಿಸಿದರು. ಆಮೇಲೊಂದು ಸಂಜೆ ತಾವು ಹಿಮ್ಮಡಿ ಉಜ್ಜುವ ನೊರೆಕಲ್ಲನ್ನು ಬಕೆಟ್ಟಿನಲ್ಲಿ ಹಾಕಿ ಮಾವನ ಮುಂದೆ ಇಟ್ಟರು. ಕಲ್ಲು ತೇಲುತ್ತಿತ್ತು.

"ರೀ, ಇದು ಯಾಕೆ ತೇಲುತ್ತೆ?"

"ಎಷ್ಟು ಸಲ ಹೇಳ್ಲಿ? ಒಳಗೆ ಗಾಳಿ ತುಂಬಿದೆ."

"ನಿಮ್ಮೊಳಗೆ ಎಷ್ಟು ಗಾಳಿ ಹಿಡಿಯುತ್ತೆ?"

ಅಳೆಯುವಂಥ ಪ್ರಶ್ನೆ ಕೇಳಿದರೆ ಮಾವ ಊಟವನ್ನಾದರೂ ಬಿಟ್ಟು ಏಳುತ್ತಾರೆ. ಐದು ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ ಟಬ್ಬಿನಲ್ಲಿ ಬೋರಲು ಹಾಕಿದರು. ಅದರೊಳಕ್ಕೆ ರಬ್ಬರ್ ಟ್ಯೂಬು ತೂರಿಸಿ, ಎದೆ ತುಂಬ ಉಸಿರೆಳೆದು ಊದಿದರು. ಮುಖ ಕೆಂಪಾಯಿತು. ಕ್ಯಾನಿನೊಳಗೆ ನೀರು ಸರಸರ ಇಳಿಯಿತು.

"ನಾಲ್ಕು ಲೀಟರ್! ನೋಡಿದ್ಯಾ, ಈ ವಯಸ್ಸಲ್ಲಿ!"

"ಅವತ್ತು ಡ್ರಮ್ಮಲ್ಲಿ ಮುಳುಗುವಾಗ ಈ ನಾಲ್ಕು ಲೀಟರ್ ಎಲ್ಲಿತ್ತು?" ಎಂದರು ಅತ್ತೆ. "ನಾನು ನೋಡಿದ್ದೀನಿ ಕಣ್ರೀ. ಎಲ್ಲಾ ಮಾತಾಗಿ ಹೊರಗೆ ಹೋಗಿತ್ತು. ಖಾಲಿ ಚೀಲ ಅಳೆದ ಹಾಗಾಯ್ತು."

ಮಾವ ಎದ್ದರು. ಸೀಮೆಸುಣ್ಣ ತೆಗೆದು ಹಿತ್ತಿಲ ಗೋಡೆಯ ಮೇಲೆ ಬರೆದರು. ಗಾತ್ರಕ್ಕೆ ನಾಲ್ಕು ಕೂಡಿಸಿದರೆ 83.6. ಎಂಬತ್ತೆರಡನ್ನು ಅದರಿಂದ ಭಾಗಿಸಿದರೆ 0.98. ಅಂದರೆ ತೇಲಬಹುದು! ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ನಾನು ಕಣ್ಣಾರೆ ಕಂಡದ್ದು ಆಗಲೇ.

"ಮೊದಲನೇ ಉತ್ತರದ ದೋಷ ಎಷ್ಟು ಬಂತು?" ಅತ್ತೆಯ ದನಿ ಬೆಣ್ಣೆಯಂತಿತ್ತು.

ಮಾವ ಬಹಳ ಹೊತ್ತು ಲೆಕ್ಕ ಹಾಕಿದರು. ಅದು ಅಷ್ಟು ಹೊತ್ತಿನ ಲೆಕ್ಕವಲ್ಲ.

"ಐದು ಪಾಯಿಂಟ್ ಒಂದು."

"ಐದು ದಾಟಿದ್ರೆ?"

"...ಮತ್ತೆ ಮಾಡ್ಬೇಕು."

"ಡ್ರಮ್ಮಲ್ಲಿ ಬೇಡ. ನಾಳೆ ಕೊಳದಲ್ಲಿ ಮಾಡೋಣ. ನಾನೂ ಇಳೀತೀನಿ."

ಬೆಳಿಗ್ಗೆ ಕೊಳದ ಆಳ ಕಡಿಮೆಯಿದ್ದ ಕಡೆ ಮಾವ ಕಂಬಿ ಹಿಡಿದು ನಿಂತಿದ್ದರು. ಗೆಣ್ಣುಗಳು ಬಿಳುಚಿಕೊಂಡಿದ್ದವು. ಎದೆಮಟ್ಟದ ನೀರಿನಲ್ಲಿ ಅತ್ತೆ ಅವರ ಬೆನ್ನಿಗೆ ಎರಡೂ ಕೈ ಕೊಟ್ಟು ಮಲಗಿಸಿದರು. ಅತ್ತೆಗೂ ಈಜು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಮಾವನಿಗೆ ಆ ಗಳಿಗೆಯಲ್ಲಿ ನೆನಪಿರಲಿಲ್ಲ.

"ಈಗ ನೀರು ನನ್ನನ್ನ ಮೇಲಕ್ಕೆ ಒತ್ತುತ್ತೆ, ಎಷ್ಟು ಒತ್ತುತ್ತೆ ಅಂದ್ರೆ ನಾನು ಸರಿಸಿದ ನೀರಿನ ತೂಕ..." ಬುಳಕ್. ಕೆಮ್ಮುತ್ತಾ ಎದ್ದರು. "ನೋಡು! ಹೇಳ್ಲಿಲ್ವಾ ಮುಳುಗ್ತೀನಿ ಅಂತ?"

"ಹೇಳಿದ್ದಕ್ಕೇ ಮುಳುಗಿದ್ದು. ಉಸಿರು ಎಳ್ಕೊಳ್ಳಿ. ಬಾಯಿ ಮುಚ್ಚಿ."

ಮಾವ ಉಸಿರೆಳೆದುಕೊಂಡರು. ಬಾಯಿ ಮುಚ್ಚಿದರು. ಹೊಟ್ಟೆ ಮೊದಲು ಮೇಲೆ ಬಂತು, ಆಮೇಲೆ ಕಾಲ್ಬೆರಳುಗಳು. ಅತ್ತೆ ಒಂದು ಕೈ ತೆಗೆದರು. ಮೆಲ್ಲಗೆ ಇನ್ನೊಂದನ್ನೂ ತೆಗೆದು ಮೇಲೆತ್ತಿ ನನಗೆ ತೋರಿಸಿದರು. ಮಾವ ತೇಲುತ್ತಿದ್ದರು. ಕೊಳವೆಲ್ಲ ನಿಶ್ಶಬ್ದ.

"ಮದುವೆ ಆದಾಗಿಂದ ಇಷ್ಟು ಹೊತ್ತು ಸುಮ್ಮನಿದ್ದಿದ್ದು ಇದೇ ಮೊದಲು ಕಣೇ" ಎಂದ ಅತ್ತೆಯ ಕಣ್ಣಲ್ಲಿ ನೀರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಅಷ್ಟರಲ್ಲಿ ಮಾವನಿಗೆ ತಡೆಯಲಾಗಲಿಲ್ಲ. "ಶೇಕಡಾ..." ಎಂದರು, ಮುಳುಗಿದರು.

ರಜೆಯುದ್ದಕ್ಕೂ ಮಾವ ದಿನಾ ಕೊಳಕ್ಕೆ ಹೋಗಿ ಕಾಲು ಬಡಿದರು. ಶಾಲೆ ಶುರುವಾದ ದಿನ ತಿರುವಿನಲ್ಲಿ ಗ್ರಾನೈಟಿನ ಪಾಠ ಮಾಡದೆ, ಕಂಬಿ ಹಿಡಿದು ನಿಧಾನವಾಗಿ ಎರಡನೇ ಮಹಡಿ ಹತ್ತಿದರು. ಹೆಡ್ಮಿಸ್ಸು ಕೆಳಗೆ ನಿಂತು ನೋಡಿ, ಲ್ಯಾಬಿನ ಬೀಗದ ಕೈಯನ್ನು ಅವರಿಗೇ ಕಳಿಸಿಕೊಟ್ಟರು. ಕೊಳದ ಸುದ್ದಿ ಅಷ್ಟರಲ್ಲಿ ಶಾಲೆಗೂ ಮುಟ್ಟಿತ್ತು. ಸುದ್ದಿ ಮುಟ್ಟಿಸಿದವಳು ನಾನೇ. ಮರುದಿನ ಲ್ಯಾಬಿನ ಹಲಗೆಯ ಮೇಲೆ ಕಲ್ಲುಗಳ ಸಾಂದ್ರತೆಯ ಪಟ್ಟಿಯಿತ್ತು. ಬೆಣಚುಕಲ್ಲು, ಗ್ರಾನೈಟ್, ನೊರೆಕಲ್ಲು. ಅದರ ಕೆಳಗೆ ಮಕ್ಕಳು ಎರಡು ಸಾಲು ಸೇರಿಸಿದ್ದರು:

ಮೇಷ್ಟ್ರು, ಮಾತಾಡುವಾಗ: 1.03
ಮೇಷ್ಟ್ರು, ಬಾಯಿ ಮುಚ್ಚಿದಾಗ: 0.98

ತರಗತಿ ಉಸಿರು ಬಿಗಿಹಿಡಿದು ಕೂತಿತ್ತಂತೆ. ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು. ಸೀಮೆಸುಣ್ಣ ಕೈಗೆ ತೆಗೆದುಕೊಂಡರು.

"ಕತ್ತೆಗಳಾ, ಏಕಮಾನ ಯಾರು ಬರೀತಾರೆ, ನಿಮ್ಮಪ್ಪನಾ?" ಎಂದು ಎರಡೂ ಸಾಲಿನ ಮುಂದೆ ದಪ್ಪಕ್ಷರದಲ್ಲಿ 'ಕೆ.ಜಿ./ಲೀ.' ಎಂದು ಬರೆದರು.