ಎತ್ತಿನ ಜೋಡಿಗೂ ಡಾಲರಿಗೂ ನಂಟು ಹಾಕಿದ ಪುಟ್ಟಬಸವಯ್ಯ

ಹುಲ್ಲಹಳ್ಳಿಯ ಪುಟ್ಟಬಸವಯ್ಯ ಹೆಂಡತಿ ಮಲ್ಲಾಜಮ್ಮ ಕೊಟ್ಟ ಮಜ್ಜಿಗೆಯನ್ನೂ ಮೂಸಿ ನೋಡಿ ಕುಡಿಯುವವರು. ಬಸ್ಸಿನಲ್ಲಿ ಯಾರಾದರೂ ಜಾಗ ಬಿಟ್ಟುಕೊಟ್ಟರೆ ಮೊದಲು ತಮ್ಮ ಜೇಬು ಮುಟ್ಟಿಕೊಳ್ಳುವರು. ಇದನ್ನು ಅವರು ಅನುಮಾನ ಅನ್ನುತ್ತಿರಲಿಲ್ಲ, ಲೋಕಾನುಭವ ಅನ್ನುತ್ತಿದ್ದರು.

ತಮ್ಮ ಬೀದಿಗೆ ಮೊದಲ ಪವರ್ ಟಿಲ್ಲರ್ ತಾವೇ ತರಬೇಕೆಂಬುದು ಅವರ ಆಸೆ. ತಿ. ನರಸೀಪುರದ ಚೆಲುವಯ್ಯನ ಹತ್ತಿರ ಹಳೆಯದೊಂದು ಮಾರಾಟಕ್ಕಿತ್ತು. ಎತ್ತು ಮಾರಿದ ದುಡ್ಡು ಸೇರಿದರೆ ಅದು ಕೈಗೆಟಕುತ್ತಿತ್ತು. ತೊಂಬತ್ತೊಂದರ ಜೂನ್ ಕೊನೆಗೆ ಹೆಮ್ಮರಗಾಲದ ಕಲ್ಲಯ್ಯ ಎತ್ತು ಕೊಳ್ಳಲು ಬಂದ. ಇಬ್ಬರೂ ಟವೆಲ್ಲಿನಡಿ ಕೈ ಹಾಕಿ, ಬೆರಳು ಒತ್ತಿ, ಬಾಯಿ ಬಿಡದೆ ಎಂಟು ಸಾವಿರಕ್ಕೆ ವ್ಯಾಪಾರ ಕುದುರಿಸಿದರು. ಕಲ್ಲಯ್ಯ ಸಂಚಕಾರವೆಂದು ಒಂದಿಷ್ಟು ಮುಂಗಡ ಕೊಟ್ಟು, ಮಿಕ್ಕ ಹಣಕ್ಕೆ ವಾರದ ಗಡುವು ಕೇಳಿ ಹೋದ.

ಅಷ್ಟರಲ್ಲಿ ರೇಡಿಯೊ ರೂಪಾಯಿಯ ಅಪಮೌಲ್ಯದ ಸುದ್ದಿ ಹೇಳಿತು. ಡಾಲರಿಗೆ ಇಪ್ಪತ್ತೊಂದಿದ್ದ ರೂಪಾಯಿ ಇಪ್ಪತ್ತಾರರ ಹತ್ತಿರ ಹೋಯಿತಂತೆ. ಪುಟ್ಟಬಸವಯ್ಯ ಡಾಲರನ್ನು ಕಂಡವರಲ್ಲ. ಆದರೂ ಟೀ ಅಂಗಡಿಯಲ್ಲಿ ಅದರ ಹತ್ತಿರದ ನೆಂಟರಂತೆ ಮಾತಾಡಿದರು.

ಕಲ್ಲಯ್ಯ ಹಣ ತಂದಾಗ ಅವರು ನೋಟು ಮುಟ್ಟಲೇ ಇಲ್ಲ. "ಇದು ಓದ ವಾರದ ಎಂಟು ಸಾವಿರ ಅಲ್ಲ ಕಣಯ್ಯ. ಕಾಲು ಭಾಗ ಸೇರ್ಸಿ ಕೊಡು."

"ಅಣ್ಣೋ, ನಿನ್ನ ಎತ್ತೇನು ಅಮೆರಿಕದ ಉಲ್ಲು ತಿಂದವಾ?"

"ನಗಾಡ್ಬ್ಯಾಡ. ದುಡ್ಡೇ ಬ್ಯಾಡ, ಭತ್ತ ಅಳಿ."

"ಆಯ್ತು, ಭತ್ತನೇ ಅಳೀತೀನಿ. ಉಳುಮೆ ಕೆಡ್ತಾ ಅದೆ, ಎತ್ತು ಬುಡು."

ಇಷ್ಟು ಬೇಗ ಒಪ್ಪಿದನೇ! ಪುಟ್ಟಬಸವಯ್ಯನವರ ಲೋಕಾನುಭವ ಎಚ್ಚೆತ್ತಿತು. ಭತ್ತದ ಬೆಲೆ ಬೀಳುವ ಗುಟ್ಟು ಇವನಿಗೆ ಗೊತ್ತಿರಬೇಕು. "ಯೋಚ್ನೆ ಮಾಡ್ತೀನಿ ತಡಿ" ಅಂದರು.

"ಅವ್ರು ಒಲ ಉಳ್ಬೇಕು, ಅದ್ಕೆ ಒಪ್ಕಂಡವ್ರೆ. ಇನ್ನೇನಿದ್ದದು ಅದ್ರಲ್ಲಿ?" ಅಂದರು ಮಲ್ಲಾಜಮ್ಮ.

"ನಿಂಗ್ಯಾರು ಯೋಳ್ಕೊಟ್ಟೋರು?" ಎಂದು ಗಂಡ ಹೆಂಡತಿಯನ್ನೇ ದಿಟ್ಟಿಸಿದರು.

ಕಲ್ಲಯ್ಯ ಮೂರು ದಿನ ಕಾದು, ಸಂಚಕಾರ ವಾಪಸು ಇಸಿದುಕೊಂಡು, ಹದಿನಾರು ಎಂಬ ಊರಿನಲ್ಲಿ ಬೇರೆ ಜೋಡಿ ಹಿಡಿದ. ನಾಟಿ ಮುಗಿಯಿತು. ಆಮೇಲೆ ಎತ್ತು ಕೇಳುವವರು ಯಾರು? ಸಂತೆಯ ಟವೆಲ್ಲಿನಡಿ ಯಾರ ಬೆರಳೂ ಆರು ಸಾವಿರ ದಾಟಲಿಲ್ಲ. ಎತ್ತು ಆರಕ್ಕೇ ಹೋದರೂ ಹೋಗಲಿ, ಟಿಲ್ಲರಾದರೂ ಬರಲಿ ಎಂದು ಪುಟ್ಟಬಸವಯ್ಯ ನರಸೀಪುರದ ಬಸ್ಸು ಹತ್ತಿದರು.

"ಹಳೇ ರೇಟಿಗೆ ಆಗಲ್ಲ ಸಾ," ಅಂದ ಚೆಲುವಯ್ಯ. "ಬಿಡಿಭಾಗ ಹೊರದೇಶದಿಂದ ಬರೋದು. ಡಾಲರ್ ಏರ್ತು, ಹೊಸ ಗಾಡಿ ಏರ್ತು, ಹಳೇದೂ ಏರ್ತು. ಕಾಲು ಭಾಗ ಸೇರ್ಸಿ ಕೊಡಿ."

ಪುಟ್ಟಬಸವಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಮ್ಮರಗಾಲದ ಕಲ್ಲಯ್ಯ ಬಂದಿದ್ನಾ ಇಲ್ಗೆ?"

"ಯಾವ ಕಲ್ಲಯ್ಯ ಸಾ?"

ಆ ಉತ್ತರವನ್ನೂ ಅವರು ನಂಬಲಿಲ್ಲ.

ಎರಡು ವರ್ಷದ ಮೇಲೆ ಬೀದಿಗೆ ಮೊದಲ ಟಿಲ್ಲರ್ ತಂದವನು ಎದುರು ಮನೆಯ ಅಮೃತೇಶ. ಬೀದಿಗೆ ಬೀದಿಯೇ ನೋಡಲು ಹೋಯಿತು. ಪುಟ್ಟಬಸವಯ್ಯ ಮಾತ್ರ ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಾ ಅದರ ಸದ್ದಿಗೆ ಕಿವಿಗೊಟ್ಟರು.

"ಎಂಜಿನ್ನು ಕೆಮ್ತಾ ಅದೆ ಕಣೆ," ಅಂದರು ಹೆಂಡತಿಗೆ. "ಮಾರ್ದೋನು ಟೋಪಿ ಆಕವ್ನೆ."