ಗಾಣದವನ ಮೂಗು

ಖಮೈಸ್ ನಮ್ಮ ಬೀದಿಯವನೇ. ಮಹ್ದಿಯಾ ಪಟ್ಟಣದ ಕಡೆಯ ನಮ್ಮೂರಿನ ಆಲಿವ್ ಗಾಣದಲ್ಲಿ ಹಿಂಡಿ ಬಾಚುತ್ತಲೇ ಕೂದಲು ನೆರೆಸಿಕೊಂಡವನು. ಗಾಣ ಬಿಟ್ಟ ಮೇಲೂ ಸುಮ್ಮನೆ ಕೂರುವ ಆಸಾಮಿಯಲ್ಲ. ಹಿತ್ತಲಲ್ಲಿ ಅದೇ ಹಿಂಡಿಗೆ ಕುರಿಹಿಕ್ಕೆ, ಒಣಹುಲ್ಲು ಬೆರೆಸಿ, ನೀರು ಚಿಮುಕಿಸಿ, ರಾಶಿಯನ್ನು ಮಗುಚಿ ಮಗುಚಿ ಗೊಬ್ಬರ ಮಾಡತೊಡಗಿದ. ಹಸಿ ಹಿಂಡಿ ಬೇರು ಸುಡುತ್ತದೆ. ಗಾಣದ ವಾಸನೆ ಹೋಗಿ ಮಣ್ಣಿನ ವಾಸನೆ ಬಂದರೆ ಮಾತ್ರ ಗೊಬ್ಬರ ಕಳಿತಿದೆ ಎಂದು ಅರ್ಥ. ಅನುಮಾನವಿದ್ದರೆ ಕುಂಡದಲ್ಲಿ ನಾಲ್ಕು ಕಾಳು ಜವೆಗೋಧಿ ಬಿತ್ತಿ, ಮೊಳಕೆ ಸುಡದೆ ಬರುತ್ತದೆಯೇ ನೋಡಬೇಕು.

"ಹಿಂಡಿ ವಿಷಯ ನನಗೆ ಹೇಳ್ಕೊಡ್ತೀರಾ?" ಎಂದು ಬುದ್ಧಿ ಹೇಳಿದವರನ್ನೇ ಗದರಿ ಖಮೈಸ್ ಬಿತ್ತಲಿಲ್ಲ. ಗಾಣದಲ್ಲೇ ಬಾಳಿದ ಮೂಗಿಗೆ ಗಾಣದ ವಾಸನೆ ತಿಳಿಯುವುದಿಲ್ಲ ಎಂಬುದು ಆ ಮಹಾರಾಯನಿಗೆ ಹೊಳೆಯಲೇ ಇಲ್ಲ.

ಮೊದಲ ಗೊಬ್ಬರವನ್ನು ತಾನೇ ಹೊತ್ತು ಪಕ್ಕದ ಮನೆಯ ನಜೀಹಾಳಿಗೆ ಕೊಟ್ಟ. ಗಂಡನಿಲ್ಲದ ಆಕೆ ಮೆಣಸಿನಕಾಯಿ ಬೆಳೆದು, ಒಣಗಿಸಿ, ಹರೀಸಾ ಚಟ್ನಿ ಅರೆದು ಮಾರಿ ಬದುಕುವವಳು. ಕೆಲವೇ ದಿನದಲ್ಲಿ ಅವಳ ಸಸಿಗಳೆಲ್ಲ ಹಳದಿಯಾಗಿ ಮಲಗಿದವು.

ಕೇಳಿದವರಿಗೆಲ್ಲ ನಜೀಹಾ, "ಬಾವಿ ನೀರು ಉಪ್ಪಾಗಿದೆ ಕಣ್ರೀ, ಗೊಬ್ಬರದ್ದೇನೂ ತಪ್ಪಿಲ್ಲ" ಎಂದಳು. ಖಮೈಸ್‌ಗೆ ನಿಜ ಗೊತ್ತಿತ್ತು. ಸಸಿ ಮಲಗಿದ ಮೇಲೆ ಅವನು ಯಾರಿಗೂ ಕಾಣದಂತೆ ಬಿತ್ತಿದ ಜವೆಯೂ ಸುಟ್ಟುಹೋಗಿತ್ತು. ಆದರೂ ಬಾಯಿ ಬಿಡಲಿಲ್ಲ. ಅವಳ ಬಾಗಿಲು ತಪ್ಪಿಸಿ ಮಸೀದಿಗೆ ಸುತ್ತುದಾರಿ ಹಿಡಿದ. ನಾಚಿಕೆಯಲ್ಲಿ ಊಟ ಸೇರುತ್ತಿರಲಿಲ್ಲ. ಇದೆಲ್ಲ ಅವನೇ ಆಮೇಲೆ ನನಗೆ ಹೇಳಿದ್ದು. ಕೇಳಿ ನನಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬಂತು.

ನಜೀಹಾಳ ಮಾತು ನಂಬಿ ಒಂದು ಬೆಳಿಗ್ಗೆ ಲಮೀನ್ ಎಂಬ ರೈತ ಕತ್ತೆಗಾಡಿ ತಂದ. ತನ್ನ ಟೊಮೆಟೊ ತೋಟಕ್ಕೆ ಅದೇ ರಾಶಿ ಬೇಕಂತೆ. ಬೀದಿಯವರು ನೋಡುತ್ತಿದ್ದಂತೆ ಗಾಡಿ ತುಂಬಿತು. ಅದು ಹೊರಟರೆ ಇನ್ನೊಂದು ಮನೆಯ ಬೆಳೆ ಮಣ್ಣುಪಾಲು. ನಜೀಹಾ ತನ್ನ ಬಾಗಿಲಲ್ಲಿ ನಿಂತಿದ್ದಳು.

ಖಮೈಸ್ ಕತ್ತೆಯ ಹಗ್ಗ ಹಿಡಿದ. "ಇಳಿಸು ಲಮೀನ್."

"ಯಾಕೆ ಮಾಮ, ಕೊಡೋಕೆ ಕೈ ಬರ್ತಿಲ್ವಾ?"

"ಇದು ಕಳಿತಿಲ್ಲ ಕಣೋ. ನಜೀಹಾ ಸಸಿ ಸುಟ್ಟಿದ್ದು ಬಾವಿ ನೀರಲ್ಲ, ನನ್ನ ಗೊಬ್ಬರ. ಮೂಗು ನಂಬಿ ಕೆಟ್ಟೆ. ಗೊತ್ತಾದ್ಮೇಲೂ ಬಾಯ್ಮುಚ್ಕೊಂಡಿದ್ದೆ."

"ಹಿಂದೆ ಗಾಣದ ಒಂಟೆಗೆ ಕಣ್ಣು ಕಟ್ತಿದ್ರು, ನಿನಗೆ ಮೂಗು ಕಟ್ಟಿದ್ರಾ?" ಎಂದು ಲಮೀನ್ ಹಂಗಿಸಿದ. ಬೀದಿ ನಕ್ಕಿತು. ಖಮೈಸ್ ನಜೀಹಾಳ ಹೊಸ್ತಿಲಿಗೆ ನಡೆದ.

"ತಪ್ಪಾಯ್ತು ತಂಗಿ. ನಿನ್ನ ಅನ್ನಕ್ಕೆ ಕಲ್ಲು ಹಾಕ್ದೆ."

"ನನಗೆ ಅವತ್ತೇ ಗಾಣದ ವಾಸನೆ ಬಂದಿತ್ತು ಅಣ್ಣ," ಎಂದಳು ನಜೀಹಾ. "ಒಂದು ಹಿಡಿ ಹಾಕಿ ಮಿಕ್ಕಿದ್ದು ಬಚ್ಚಿಡೋಣ ಅಂತಿದ್ದೆ. ನೀವು ಗೋಡೆ ಪಕ್ಕ ನಗ್ತಾ ನೋಡ್ತಾ ನಿಂತಿದ್ರಿ. ನಿಮ್ಮ ಮನಸ್ಸು ಮುರಿಯೋಕಾಗ್ದೆ ಒಂದು ಬುಟ್ಟಿನೂ ಉಳಿಸ್ದೆ ಎಲ್ಲ ಹಾಕ್ದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಖಮೈಸ್ ಇಂದಿಗೂ ಹೇಳುತ್ತಾನೆ.